ಕೊನೇ ಬೆಂಚಿಗೆ ಹೋಗಿ ಓದು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಮೈಕಿನ ಮುಂದೆ ನನ್ನನ್ನು ಯಾಕೆ ನಿಲ್ಲಿಸಿದರು ಅಂತ ಮೂರು ದಿನದಿಂದ ಯೋಚನೆ ಮಾಡುತ್ತಿದ್ದೇನೆ. ನಮ್ಮ ಬ್ಯಾಚಿನಲ್ಲಿ ಡಾಕ್ಟರಾದವರಿದ್ದಾರೆ, ಎಂಜಿನಿಯರಾಗಿ ಹೊರದೇಶಕ್ಕೆ ಹೋದವರಿದ್ದಾರೆ, ಇದೇ ಶಾಲೆಗೆ ಮೇಷ್ಟ್ರಾಗಿ ಬಂದವರೂ ಇದ್ದಾರೆ. ನಾನು ತಾಲ್ಲೂಕು ಕೇಂದ್ರದಲ್ಲಿ ಒಂದು ಪ್ರೆಸ್ ಇಟ್ಟುಕೊಂಡವನು. ನಿಮ್ಮ ಮನೆಯ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಡೇರಿಯ ವಾರ್ಷಿಕ ವರದಿ, ಜಾತ್ರೆಯ ಕರಪತ್ರ, ಬಿಲ್ ಬುಕ್ಕು, ಕ್ಯಾಲೆಂಡರು, ಇವೆಲ್ಲ ನನ್ನ ಕೈಯಿಂದ ಬಂದವು. ಅದರಲ್ಲಿ ತಪ್ಪು ಇದ್ದದ್ದನ್ನೂ ನೀವು ನೋಡಿದ್ದೀರಿ. ಹಾಗಾಗಿ ಇಲ್ಲಿ ನಿಂತು ದೊಡ್ಡ ಮಾತು ಆಡುವುದಕ್ಕೆ ನನಗೆ ಧೈರ್ಯವಿಲ್ಲ. ಸಾಕ್ಷಿಗಳೆಲ್ಲ ಎದುರಿಗೇ ಕೂತಿದ್ದಾರೆ.

ಹೋದ ತಿಂಗಳು ಹತ್ತನೇ ತರಗತಿಯ ಇಬ್ಬರು ಮಕ್ಕಳು ಪ್ರೆಸ್ಸಿಗೆ ಬಂದಿದ್ದರು. ಮಹೋತ್ಸವದ ಬ್ಯಾನರನ್ನು ಮೊಬೈಲಿನಲ್ಲೇ ಮಾಡಿಕೊಂಡು ಬಂದಿದ್ದರು. ಚೆನ್ನಾಗಿಯೇ ಇತ್ತು. ಅದರಲ್ಲೊಬ್ಬಳು ಕೇಳಿದಳು: "ಸರ್, ಯಾವ ಅಕ್ಷರ ಎಲ್ಲಿ ಹಾಕಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? ಅದಕ್ಕೆ ಯಾವ ಕೋರ್ಸ್ ಮಾಡಬೇಕು?" ಕೋರ್ಸುಗಳಿವೆ ಮಗಳೇ. ಅಹಮದಾಬಾದಿನಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಇದೆ. ಸಾಧ್ಯವಾದರೆ ಹೋಗು, ಖಂಡಿತ ಹೋಗು. ನಾನು ಹೋದವನಲ್ಲ. ನನಗೆ ಗೊತ್ತಾದದ್ದು ತಪ್ಪು ಮಾಡಿ ಮಾಡಿ. ಆ ತಪ್ಪುಗಳಲ್ಲಿ ಕೆಲವನ್ನು ಇವತ್ತು ಹೇಳುತ್ತೇನೆ. ಮೇಷ್ಟ್ರುಗಳು ಬೇಜಾರು ಮಾಡಿಕೊಳ್ಳಬಾರದು.

ಮೊದಲನೆಯದು ಇದೇ ಕಟ್ಟಡದಲ್ಲಿ ಆದದ್ದು. ಆಗ ಆರ್‌ಸಿಸಿ ಇರಲಿಲ್ಲ, ಹೆಂಚಿನ ಸೂರು. ಆಫೀಸು ರೂಮಿನ ಪಕ್ಕದ ಗೋಡೆಗೆ ಒಂದು ಕರಿಹಲಗೆ ಇತ್ತು. ದಿನವೂ ಪ್ರಾರ್ಥನೆಗೆ ಮುಂಚೆ ಅದರ ಮೇಲೆ ಸುಭಾಷಿತ ಬರೆಯಬೇಕು. ನನ್ನ ಅಕ್ಷರ ದುಂಡಗಿದೆ ಅಂತ ಒಂಬತ್ತನೇ ತರಗತಿಯಲ್ಲಿ ಆ ಕೆಲಸ ನನಗೆ ಸಿಕ್ಕಿತು. ಸಿಕ್ಕಿದ್ದೇ ತಡ, ನನಗೆ ಕೊಂಬು ಬಂತು. ತಲೆಕಟ್ಟುಗಳನ್ನೆಲ್ಲ ಬಾವುಟದ ಹಾಗೆ ಹಾರಿಸಿದೆ. ಒತ್ತಕ್ಷರಗಳಿಗೆ ಬಾಲ ಬರೆದೆ. ಎಲ್ಲಕ್ಕೂ ಬಣ್ಣದ ಸೀಮೆಸುಣ್ಣದಲ್ಲಿ ನೆರಳು ಬೇರೆ. ಹುಡುಗಿಯರು ನಿಂತು ನೋಡುತ್ತಿದ್ದರು, ಅದೇ ನನಗೆ ರಾಷ್ಟ್ರಪ್ರಶಸ್ತಿ.

ನಮ್ಮ ಡ್ರಾಯಿಂಗ್ ಮೇಷ್ಟ್ರು ಒಂದು ವಾರ ಸುಮ್ಮನಿದ್ದರು. ಆಮೇಲೆ ಒಂದು ದಿನ ಅದೇ ಥರ ತರಗತಿಯ ಬೋರ್ಡಿನ ಮೇಲೆ ಎರಡು ಸಾಲು ಬರೆಯಲು ಹೇಳಿದರು. ಬರೆದೆ. "ಈಗ ಕೊನೇ ಬೆಂಚಿಗೆ ಹೋಗಿ ಓದು" ಅಂದರು. ಹೋದೆ. ಬರೆದವನು ನಾನೇ ಆದ್ದರಿಂದ ಪಟಪಟ ಓದಿಬಿಟ್ಟೆ. ಅವರು ನಕ್ಕು, ನಮ್ಮ ಪಕ್ಕದ ಊರಿನಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗನನ್ನು ಎಬ್ಬಿಸಿದರು. ಅವನಿಗೆ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ, ಕನ್ನಡಕ ಕೊಡಿಸುವವರಿರಲಿಲ್ಲ. ಅವನು ಕಣ್ಣು ಕಿರಿದು ಮಾಡಿ ಮೂರನೇ ಪದದವರೆಗೆ ಬಂದು ನಿಂತುಬಿಟ್ಟ. ಇಡೀ ತರಗತಿ ಅವನನ್ನು ನೋಡಿ ನಕ್ಕಿತು. ಮೇಷ್ಟ್ರಿಗೆ ಸಿಟ್ಟು ಬಂತು. "ನಗಬೇಕಾದ್ದು ಅವನನ್ನ ನೋಡಿ ಅಲ್ಲ, ಬರೆದವನನ್ನ ನೋಡಿ" ಅಂದರು. ಬೋರ್ಡು ಒರೆಸಿಸಿ, ಅವನು ಓದುವ ತನಕ ನನ್ನಿಂದ ಅದೇ ಎರಡು ಸಾಲನ್ನು ನಾಲ್ಕು ಸಲ ಬರೆಸಿದರು. ನೆರಳು ಹೋಯಿತು, ಬಾಲ ಹೋಯಿತು, ಕೊನೆಗೆ ಸಾಲುಗಳ ನಡುವೆ ಒಂದು ಗೇಣು ಜಾಗ ಬಿಟ್ಟೆ. ಆಗ ಓದಿದ. ಆ ನಾಲ್ಕು ಸಲದಲ್ಲಿ ಮೇಷ್ಟ್ರು ಹೀಗೆ ಬರೆ, ಹಾಗೆ ಬರೆ ಅಂತ ಒಂದು ಮಾತೂ ಹೇಳಲಿಲ್ಲ. ಅವಮಾನ ಆಗಿತ್ತು. ಅರ್ಥ ಆಗಿರಲಿಲ್ಲ. ಅರ್ಥ ಆಗಲಿಕ್ಕೆ ಇನ್ನೂ ಹತ್ತು ವರ್ಷ ಬೇಕಾಯಿತು.

1988ರಲ್ಲಿ ಎಸ್‌ಎಸ್‌ಎಲ್‌ಸಿ ಆಯಿತು. ಮನೆಯಲ್ಲಿ ಮುಂದೆ ಓದಿಸುವ ಶಕ್ತಿ ಇರಲಿಲ್ಲ. ತಾಲ್ಲೂಕಿನ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಇಲ್ಲಿರುವ ಮಕ್ಕಳು ಅಚ್ಚುಮೊಳೆ ನೋಡಿಲ್ಲ. ಒಂದೊಂದು ಅಕ್ಷರವೂ ಸೀಸದ ಒಂದು ಪುಟ್ಟ ಕಡ್ಡಿ. ಅದರ ತುದಿಯಲ್ಲಿ ಅಕ್ಷರ ಉಲ್ಟಾ ಇರುತ್ತೆ. ಇಂಗ್ಲಿಷಿನಲ್ಲಿ 26 ಅಕ್ಷರ, ದೊಡ್ಡದು ಚಿಕ್ಕದು ಸೇರಿಸಿದರೆ 52, ಅಂಕಿ ಗುರುತು ಸೇರಿ ಒಂದು ಕೇಸಿನಲ್ಲಿ ಮುಗಿಯುತ್ತದೆ. ಕನ್ನಡದಲ್ಲಿ ಹಾಗಲ್ಲ. ಕಾಗುಣಿತ ಬೇಕು, ಒತ್ತು ಬೇಕು, ಒಂದು ಅಳತೆಗೇ ನೂರಾರು ಮನೆಗಳು ತುಂಬುತ್ತವೆ. ಯಾವ ಮನೆಯಲ್ಲಿ ಯಾವ ಮೊಳೆ ಅಂತ ಬೆರಳಿಗೆ ಗೊತ್ತಾಗಲು ಆರು ತಿಂಗಳು ಹಿಡಿಯಿತು.

ನಮ್ಮ ಅಕ್ಷರ ಅಚ್ಚಿಗೆ ಒಗ್ಗುವುದೇ ಕಷ್ಟದ ಕೆಲಸವಾಗಿತ್ತು. ವಿಲಿಯಂ ಕೇರಿಯವರು ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಕರ್ನಾಟಕದಲ್ಲಲ್ಲ, ಬಂಗಾಳದ ಶ್ರೀರಾಂಪುರದಲ್ಲಿ. 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಹೊರಟ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ ಅಂತ ನೀವು ಓದಿದ್ದೀರಿ. ಅದು ಮೊಳೆಯಿಂದ ಅಚ್ಚಾದದ್ದಲ್ಲ. ಕಲ್ಲಚ್ಚು. ಅಂದರೆ ಕೈಬರಹವೇ ಕಲ್ಲಿನ ಮೂಲಕ ಕಾಗದಕ್ಕೆ ಬಂದದ್ದು. ಅದೇ ಪ್ರೆಸ್ಸು 1894ರ ಹೊತ್ತಿಗೆ ಕಿಟ್ಟೆಲ್ ಅವರ ನಿಘಂಟಿನಂಥ ಬೃಹತ್ ಪುಸ್ತಕವನ್ನು ಮೊಳೆಯಲ್ಲೇ ತಂದಿತು. ಆ ಐವತ್ತು ವರ್ಷದಲ್ಲಿ ಎಷ್ಟು ಮೊಳೆ ಎರಕ ಹೊಯ್ದು, ಸರಿಯಿಲ್ಲ ಅಂತ ಕರಗಿಸಿದರೋ! ಸೀಸದಲ್ಲಿ ಅದೊಂದು ಅನುಕೂಲ, ತಪ್ಪಾದರೆ ಕರಗಿಸಬಹುದು.

ನಮ್ಮ ಪ್ರೆಸ್ಸಿನಲ್ಲಿ ಆಯ್ಕೆಯೇ ಇರಲಿಲ್ಲ. 12 ಪಾಯಿಂಟು, 14 ಪಾಯಿಂಟು, ತಲೆಬರಹಕ್ಕೆ ದಪ್ಪದ್ದು ಎರಡು ಅಳತೆ, ಪೋಸ್ಟರಿಗೆ ಮರದ ಅಕ್ಷರ ಒಂದಿಷ್ಟು. ಮದುವೆ ಕಾಲದಲ್ಲಿ 'ಶ್ರೀ' ಮೊಳೆಯೇ ಖಾಲಿಯಾಗುತ್ತಿತ್ತು, ಒಂದು ಪತ್ರಿಕೆ ಬಿಚ್ಚಿ ಇನ್ನೊಂದಕ್ಕೆ ಹಾಕಬೇಕು. ಅಲ್ಲಿದ್ದ ಹಿರಿಯ ಕಂಪೋಸಿಟರು ಮಾತು ಕಡಿಮೆ. ಕರಡು ತೆಗೆದು ಕೊಟ್ಟರೆ ಅದರ ಮೇಲೆ ಹೆಬ್ಬೆರಳು ಇಡುತ್ತಿದ್ದರು, ಅಷ್ಟೆ. ಎಲ್ಲಿ ಹೆಬ್ಬೆರಳು ಬಿತ್ತೋ ಅಲ್ಲಿ ಏನೋ ತಪ್ಪಿದೆ. ಏನು ಅಂತ ನಾನೇ ಹುಡುಕಬೇಕು. ಒಂದು ಸಲ ಒಂದು ಲಗ್ನಪತ್ರಿಕೆಯಲ್ಲಿ 'ಸುಖಾಗಮನ ಬಯಸುವವರು' ಅನ್ನುವುದರ ಕೆಳಗೆ ಮೂವತ್ತೆಂಟು ಹೆಸರು ಕೊಟ್ಟರು. ಒಬ್ಬರನ್ನೂ ಬಿಡುವ ಹಾಗಿಲ್ಲ, ಬಿಟ್ಟರೆ ಮದುವೆಗೆ ಬರುವುದಿಲ್ಲ. ನಾನು ಸಾಲುಗಳ ನಡುವಿನ ಸೀಸದ ಪಟ್ಟಿಗಳನ್ನೆಲ್ಲ ಕಿತ್ತು ಹೆಸರುಗಳನ್ನು ಒತ್ತೊತ್ತಾಗಿ ಕೂರಿಸಿದೆ. ಕರಡು ನೋಡಿದರೆ ಸಂತೆ. ಮೇಲಿನ ಸಾಲಿನ ಒತ್ತು ಯಾರದ್ದು, ಕೆಳಗಿನ ಸಾಲಿನ ಗುಡಿಸು ಯಾರದ್ದು ತಿಳಿಯುವುದಿಲ್ಲ. ಅವರು ಹೆಬ್ಬೆರಳಲ್ಲ, ಇಡೀ ಅಂಗೈಯನ್ನೇ ಅದರ ಮೇಲೆ ಇಟ್ಟರು.

ಆದರೂ ಮೊಳೆ ಒಂದು ಮಟ್ಟಕ್ಕೆ ನಮ್ಮನ್ನು ಕಾಯುತ್ತಿತ್ತು. ಮೊಳೆಗೆ ಮೈ ಇತ್ತು. ಎಷ್ಟೇ ಒತ್ತಿದರೂ ಒಂದರ ಮೈ ಮೇಲೆ ಇನ್ನೊಂದು ಹತ್ತಿ ಕೂರುವುದಿಲ್ಲ. ಅಕ್ಷರವನ್ನು ಅಡ್ಡಕ್ಕೆ ಎಳೆಯುವ ಹಾಗಿಲ್ಲ, ಉದ್ದಕ್ಕೆ ಹಿಗ್ಗಿಸುವ ಹಾಗಿಲ್ಲ. ನಮ್ಮ ಹುಚ್ಚಿಗೆ ಸೀಸವೇ ಒಂದು ಬೇಲಿ. ಕಂಪ್ಯೂಟರು ಬಂತು, ಬೇಲಿ ಹೋಯಿತು.

1997ರಲ್ಲಿ ಸಾಲ ಮಾಡಿ ನಾನೇ ಒಂದು ಡಿಟಿಪಿ ಅಂಗಡಿ ಇಟ್ಟೆ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಪಕ್ಕದಲ್ಲಿ ಸ್ಕ್ರೀನ್ ಪ್ರಿಂಟಿಂಗಿನ ಚೌಕಟ್ಟು. ಕನ್ನಡಕ್ಕೆ ಅಂತ ಕೊಂಡ ತಂತ್ರಾಂಶದ ಜೊತೆ ಬಗೆಬಗೆಯ ಫಾಂಟು ಬಂದವು. ನಾಲ್ಕು ಅಳತೆಯಲ್ಲಿ ಒಂಬತ್ತು ವರ್ಷ ಕಳೆದವನಿಗೆ ಒಂದೇ ರಾತ್ರಿಯಲ್ಲಿ ಅಷ್ಟೂ ಬಗೆಯ ಅಕ್ಷರ! ಬಳ್ಳಿಯ ಹಾಗಿರುವುದು, ಕುಂಚದಲ್ಲಿ ಬರೆದ ಹಾಗಿರುವುದು, ಒಳಗೆ ಟೊಳ್ಳು ಇರುವುದು, ಮುಳ್ಳು ಇರುವುದು. ಒಂದು ಕಾರ್ಡಿನಲ್ಲಿ ಆರು ಥರ ಬಳಸಿದೆ. ಗಿರಾಕಿಗಳೂ ಖುಷಿಪಟ್ಟರು, ಸುಳ್ಳು ಹೇಳುವುದಿಲ್ಲ. "ಬೇರೆ ಕಡೆ ಇಂಥದ್ದು ಇಲ್ಲ" ಅಂತ ಹುಡುಕಿಕೊಂಡು ಬಂದರು.

ಆ ಮಾರನೇ ವರ್ಷ ನನ್ನ ಜೊತೆ ಇದೇ ಶಾಲೆಯಲ್ಲಿ ಓದಿದ ಗೆಳೆಯನೊಬ್ಬನ ತಂದೆ ತೀರಿಕೊಂಡರು. ಅವನು ಈಗ ಇಲ್ಲೇ ಕೂತಿದ್ದಾನೆ, ಹೇಳಬಹುದಾ ಅಂತ ಬೆಳಿಗ್ಗೆ ಕೇಳಿಕೊಂಡಿದ್ದೇನೆ. ಕೈಲಾಸ ಸಮಾರಾಧನೆಯ ಪತ್ರ ಆಗಬೇಕಿತ್ತು. ಗೆಳೆಯನ ಮನೆಯ ಕೆಲಸ, ಚೆನ್ನಾಗಿ ಮಾಡಬೇಕು ಅಂತ ನನಗೆ. ನನ್ನ ಹತ್ತಿರ ಇದ್ದದ್ದರಲ್ಲೇ ಅತಿ ಚೆಂದದ್ದು ಅಂತ ನಾನು ಅಂದುಕೊಂಡಿದ್ದ ಬಳ್ಳಿ ಅಕ್ಷರವನ್ನು ಅವರ ಹೆಸರಿಗೆ ಹಾಕಿದೆ. ಸುತ್ತ ಒಂದು ಅಂಚು. ಇನ್ನೂರು ಪತ್ರ ಅಚ್ಚು ಮಾಡಿ, ದುಡ್ಡು ತೆಗೆದುಕೊಳ್ಳದೆ, ನಾನೇ ಅವರ ಮನೆಗೆ ತೆಗೆದುಕೊಂಡು ಹೋದೆ.

ಗೆಳೆಯ ನೋಡಿದ. ನೋಡಿ, "ಮದುವೆ ಪತ್ರ ಇದ್ದಂಗೈತಲ್ಲೋ" ಅಂದ. ಬೈಯಲಿಲ್ಲ. ಸಾವಿನ ಮನೆ, ಅವನಿಗೆ ಬೈಯುವ ಚೈತನ್ಯವೂ ಇರಲಿಲ್ಲ. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟಕ್ಕೇ ಮುಗಿದಿದ್ದರೆ ಬಹುಶಃ ಮರೆಯುತ್ತಿದ್ದೆನೋ ಏನೋ.

ಒಳಗಿನಿಂದ ಅವನ ತಾಯಿ ಒಂದು ಪತ್ರ ಕೊಡಿ ಅಂದರು. ಆ ತಾಯಿಗೆ ಮೊದಲು ಓದು ಬರುತ್ತಿರಲಿಲ್ಲ. 90ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನ ನಡೆಯಿತಲ್ಲ, ಆಗ ಇದೇ ಶಾಲೆಯ ಜಗಲಿಯಲ್ಲಿ ರಾತ್ರಿ ತರಗತಿ ನಡೆಯುತ್ತಿತ್ತು. ಹೊಲದ ಕೆಲಸ, ಮನೆಯ ಕೆಲಸ ಎಲ್ಲ ಮುಗಿಸಿ ಬಂದು, ಮೊಮ್ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಅಕ್ಷರ ಕಲಿತವರು ಅವರು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಬಾರದ ಆ ಹೆಸರನ್ನು ಅವರು ಸ್ಲೇಟಿನ ಮೇಲೆ ಬರೆಯಲು ಕಲಿತಿದ್ದರು. ಆ ಮಾತನ್ನು ತಾವೇ ನಗುತ್ತಾ ನಮಗೆಲ್ಲ ಹೇಳಿದ್ದರು.

ಪತ್ರವನ್ನು ಬಾಗಿಲ ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಸಣ್ಣ ಅಕ್ಷರದ ಸಾಲುಗಳೆಲ್ಲ ಸಾದಾ ಫಾಂಟಿನಲ್ಲಿದ್ದವು, ಅವನ್ನು ಓದಿದರು. ಆಮೇಲೆ ಬೆರಳು ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು, ಮತ್ತೆ ಮೇಲಕ್ಕೆ ಹೋಯಿತು. ಕೊನೆಗೆ ನನ್ನ ಕಡೆ ತಿರುಗಿ, "ಎಲ್ಲಾ ಓದ್ದೆ ಕಣಪ್ಪ. ನಮ್ಮನೆಯೋರ ಹೆಸ್ರು ಮಾತ್ರ ಕಾಣವಲ್ದು. ಎಲ್ಲಿ ಹಾಕಿದೀಯ?" ಅಂದರು.

ಆ ಹೆಸರು ಪತ್ರದ ನಡುಮಧ್ಯೆ, ಎಲ್ಲಕ್ಕಿಂತ ದೊಡ್ಡದಾಗಿ ಇತ್ತು. ಹೆಸರಿನಲ್ಲಿ 'ದ್ರ' ಬರುತ್ತಿತ್ತು. ನಾನು ಹಾಕಿದ ಅಕ್ಷರದಲ್ಲಿ ಆ 'ರ' ಒತ್ತು ಬಳ್ಳಿಯ ಹಾಗೆ ಸುತ್ತಿಕೊಂಡು ಹಿಂದಿನ ಎರಡು ಅಕ್ಷರದ ಬುಡಕ್ಕೆ ಹೋಗಿತ್ತು. ಅವರು ಅದನ್ನು ಹೂವಿನ ಚಿತ್ತಾರ ಅಂದುಕೊಂಡಿದ್ದರು.

ಅವತ್ತು ಸಂಜೆ ಅಂಗಡಿಗೆ ವಾಪಸು ಬಂದು, ಪೂರ್ತಿ ಸಾದಾ ಅಕ್ಷರದಲ್ಲಿ, ಅಂಚು ಗಿಂಚು ಇಲ್ಲದೆ ಇನ್ನೂರು ಪತ್ರ ಮತ್ತೆ ಮಾಡಿದೆ. ಮಾರನೇ ದಿನ ಬೆಳಿಗ್ಗೆ ಮೊದಲು ಆ ತಾಯಿಯ ಕೈಗೇ ಕೊಟ್ಟೆ. ಹೆಸರಿನ ಮೇಲೆ ಬೆರಳಿಟ್ಟರು. ಬಾಯಲ್ಲಿ ಹೇಳಲಿಲ್ಲ. ಸುಮ್ಮನೆ ತಲೆಯಾಡಿಸಿ ಪತ್ರವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೊನೇ ಬೆಂಚಿನ ಮಾತು ನನಗೆ ಅರ್ಥವಾದದ್ದು ಅವತ್ತು. ಬರೆದವನು ಓದಿದರೆ ಅದು ಓದಿದ ಹಾಗಲ್ಲ.

ಅವತ್ತಿನ ಹಳೇ ಪತ್ರ ಒಂದನ್ನು ಎತ್ತಿಟ್ಟುಕೊಂಡೆ. ಅದೇ ಮೊದಲನೇದು. ಆಮೇಲೆ ಕೆಟ್ಟುಹೋದ ಪ್ರತಿ ಕೆಲಸದ ಒಂದು ಪ್ರತಿಯನ್ನು ಒಂದು ಫೈಲಿನಲ್ಲಿ ಹಾಕುತ್ತಾ ಬಂದೆ. ಈಗ ಆ ಫೈಲು ಮೂರಾಗಿದೆ. ನನ್ನ ಕೋರ್ಸು ಅಂದರೆ ಅದೇ. ಅದರಲ್ಲಿರುವ ಒಂದೆರಡನ್ನು ಹೇಳುತ್ತೇನೆ, ನಗಬಹುದು.

ರೈತರಿಗೆ ಸಹಾಯಧನ ಕೊಡುವ ಬಗ್ಗೆ ಒಂದು ಕರಪತ್ರ. ಎದ್ದು ಕಾಣಲಿ ಅಂತ ಇದ್ದದ್ದರಲ್ಲೇ ಅತಿ ದಪ್ಪದ ಅಕ್ಷರ ಹಾಕಿದೆ, ಆದರೆ ಜಾಗ ಸಾಲದೆ ಅಳತೆ ಚಿಕ್ಕದು ಮಾಡಿದೆ. ಕಾಗದ ಅಗ್ಗದ್ದು, ಮಸಿ ಹೀರುವಂಥದ್ದು. 'ಧ'ಕಾರದ ಹೊಟ್ಟೆಯ ಸೀಳು ಇದೆಯಲ್ಲ, ಅದು ಮಸಿ ತುಂಬಿ ಮುಚ್ಚಿಹೋಯಿತು. ಸಹಾಯಧನ ಹೋಗಿ 'ಸಹಾಯದನ' ಆಯಿತು. ಡೇರಿ ಹತ್ತಿರ ನಮ್ಮ ಅಜ್ಜ ಒಬ್ಬರು, "ದನ ಕೊಡ್ತಾರಂತೆ, ಎಮ್ಮೆ ಕೊಡಲ್ವಾ?" ಅಂತ ಕೇಳಿದರು. ಪರದೆಯ ಮೇಲೆ ನಾನು ನೋಡಿದಾಗ ಸೀಳು ಸ್ಪಷ್ಟವಾಗಿಯೇ ಇತ್ತು. ಪರದೆ ಮಸಿ ಹೀರುವುದಿಲ್ಲ, ಕಾಗದ ಹೀರುತ್ತದೆ. ಅವತ್ತಿನಿಂದ ನಾನು ಯಾವ ಫಾಂಟನ್ನೂ ಪರದೆಯ ಮೇಲೆ ನೋಡಿ ಒಪ್ಪುವುದಿಲ್ಲ. ಯಾವ ಕಾಗದದ ಮೇಲೆ ಹೋಗುತ್ತದೋ ಆ ಕಾಗದದ ಮೇಲೆ, ಯಾವ ಅಳತೆಯಲ್ಲಿ ಹೋಗುತ್ತದೋ ಆ ಅಳತೆಯಲ್ಲಿ ಒಂದು ಪ್ರತಿ ತೆಗೆದು ನೋಡುತ್ತೇನೆ.

ಇನ್ನೊಂದು, ಬೆಂಗಳೂರಿನ ಆಫ್‌ಸೆಟ್ ಪ್ರೆಸ್ಸಿಗೆ ಕಳಿಸಿದ ಒಂದು ಸಂಘದ ವರದಿ. ನಾನು ಕಳಿಸಿದ್ದು ಕನ್ನಡ, ಅಲ್ಲಿ ತೆರೆದದ್ದು ಯಾವ ಭಾಷೆಯೋ. ನುಡಿಯಲ್ಲಿ ಹಳೆಯ ಪದ್ಧತಿಯಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕನ್ನಡ' ಅನ್ನುವ ಪದವೇ ಪೌಂಡಿನ ಗುರುತು, ತಲೆಯ ಮೇಲೆ ಗೀಟು ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿತ್ತು. ಒಳಗೆ ಕೂತಿದ್ದದ್ದು ಇಂಗ್ಲಿಷ್ ಸಂಕೇತ, ಮೇಲೆ ಕನ್ನಡದ ವೇಷ. ವೇಷ ಕಳಚಿದರೆ ಬಯಲು. ಯೂನಿಕೋಡ್ ಬಂದ ಮೇಲೆ ಆ ಪಾಡು ತಪ್ಪಿತು. ಹಾಗಂತ ಹಳಬರ ಕೆಲಸವನ್ನು ಕಡಿಮೆ ಮಾಡಿ ಹೇಳಬಾರದು. ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದವರು ಕೆ.ಪಿ. ರಾಯರು. ನಾನು ಇವತ್ತಿಗೂ ಟೈಪ್ ಮಾಡುವುದು ಆ ವಿನ್ಯಾಸದಲ್ಲೇ. 1998ರಲ್ಲಿ ಶೇಷಾದ್ರಿವಾಸು ಅವರು ಬರಹ ತಂದಾಗ ಎಷ್ಟೋ ಮನೆಗಳಲ್ಲಿ ಮೊದಲ ಸಲ ಕನ್ನಡ ಟೈಪಾಯಿತು.

ಈ ಫೈಲನ್ನು ನೋಡುತ್ತಾ ನೋಡುತ್ತಾ ನನ್ನದೇ ಒಂದು ಪರೀಕ್ಷೆ ಮಾಡಿಕೊಂಡೆ. ಹೊಸ ಫಾಂಟು ಯಾವುದೇ ಸಿಗಲಿ, ಮೊದಲು ಅದರಲ್ಲಿ ಕೆಲವು ಪದ ಟೈಪ್ ಮಾಡುತ್ತೇನೆ: ಸಹಾಯಧನ, ಫಲಾನುಭವಿ, ಶ್ರದ್ಧಾಂಜಲಿ, ಲಕ್ಷ್ಮೀ, ರಾಷ್ಟ್ರ, ಸ್ವಾತಂತ್ರ್ಯ, ವಿಜ್ಞಾನ, ಧರ್ಮ. ಮೊದಲ ಮೂರರಲ್ಲಿ ಮಹಾಪ್ರಾಣದ ಸೀಳು ಉಳಿಯುತ್ತದೋ ಇಲ್ಲವೋ ನೋಡುವುದು. 'ಲಕ್ಷ್ಮೀ'ಯಲ್ಲಿ ಒತ್ತಿನ ಜೊತೆ ದೀರ್ಘ. 'ರಾಷ್ಟ್ರ', 'ಸ್ವಾತಂತ್ರ್ಯ' ಎರಡರಲ್ಲೂ ಒಂದರ ಕೆಳಗೆ ಎರಡು ಒತ್ತು. ಕೆಲವು ಫಾಂಟಿನಲ್ಲಿ ಎರಡನೆಯ ಒತ್ತು ಪಾತಾಳಕ್ಕೆ ಇಳಿಯುತ್ತದೆ, ಕೆಲವದರಲ್ಲಿ ಮುಂದಿನ ಅಕ್ಷರಕ್ಕೆ ಡಿಕ್ಕಿ ಹೊಡೆಯುತ್ತದೆ. 'ಧರ್ಮ'ದಲ್ಲಿ ಅರ್ಕಾವತ್ತು ಸರಿಯಾದ ಕಡೆ ನಿಲ್ಲುತ್ತದೋ, ದೂರ ಹೋಗಿ ನಿಂತು ಅಂಕಿಯ ಹಾಗೆ ಕಾಣುತ್ತದೋ ಅನ್ನುವುದು ತಿಳಿಯುತ್ತದೆ. ಅ, ಆ, ಇ, ಈ ಬರೆದು ನೋಡಿದರೆ ಎಲ್ಲ ಫಾಂಟೂ ಸುಂದರಾಂಗರೇ. ಒತ್ತಕ್ಷರ ಹಾಕಿದಾಗಲೇ ಅದರ ಯೋಗ್ಯತೆ ಗೊತ್ತಾಗುವುದು.

ಸಾಲಿನ ನಡುವಿನ ಜಾಗದ ಲೆಕ್ಕವೂ ಹೀಗೆಯೇ ಬಂದದ್ದು. ಇಂಗ್ಲಿಷಿಗೆ ಅಂತ ಕಂಪ್ಯೂಟರು ತಾನಾಗಿ ಬಿಡುವ ಜಾಗ ಕನ್ನಡಕ್ಕೆ ಎಷ್ಟೋ ಸಲ ಸಾಲುವುದಿಲ್ಲ. ನಮಗೆ ಮೇಲೆ ಗುಡಿಸು, ತಲೆಕಟ್ಟು, ಕೆಳಗೆ ಒತ್ತು. ಎರಡು ಮಹಡಿ ಮನೆ ನಮ್ಮದು, ನೆಲಮಾಳಿಗೆ ಬೇರೆ. ಇನ್ನು 12 ಪಾಯಿಂಟು ಅಂದರೆ ಎಲ್ಲ ಫಾಂಟಿನಲ್ಲೂ ಒಂದೇ ಅಳತೆ ಅಂತ ನಂಬಿ ಎರಡು ಸಲ ಪೆಟ್ಟು ತಿಂದಿದ್ದೇನೆ. ಒಂದರ 12 ಇನ್ನೊಂದರ 10ರಷ್ಟೇ ಕಾಣುತ್ತದೆ. ಅಂಕಿ ನೋಡಬಾರದು, ಕಣ್ಣಿನಲ್ಲಿ ನೋಡಬೇಕು.

ಫ್ಲೆಕ್ಸ್ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ, ಯಾಕೆಂದರೆ ನಾನೂ ಆ ಪಾಪದಲ್ಲಿ ಪಾಲುದಾರ. ಜಾಗ ತುಂಬಲಿ ಅಂತ ಅಕ್ಷರವನ್ನು ಮೂಲೆ ಹಿಡಿದು ರಬ್ಬರಿನ ಹಾಗೆ ಎಳೆಯುತ್ತೇವೆ. ಅಡ್ಡಕ್ಕೆ ಎಳೆದರೆ ಅಡ್ಡಗೆರೆ ತೆಳ್ಳಗೆ ಉಳಿದು ನಿಂತ ಗೆರೆ ದಪ್ಪವಾಗುತ್ತದೆ, ಅಕ್ಷರಕ್ಕೆ ಬಾವು ಬಂದ ಹಾಗೆ. ಅದಕ್ಕೆ ಹಳದಿ ಅಂಚು, ಅದರ ಸುತ್ತ ಕೆಂಪು ಅಂಚು, ಹಿಂದೆ ನೆರಳು. ನಮ್ಮ ಊರಿನ ಗೇಟಿನಲ್ಲಿ ಬಸ್ಸು ನಿಲ್ಲುವುದು ಅರ್ಧ ನಿಮಿಷ. ಅಷ್ಟರಲ್ಲಿ ಕಾಣುವುದು ಹಲ್ಲು ಕಿರಿದ ಫೋಟೋ ಮಾತ್ರ. ನಾಟಕ ಯಾವತ್ತು, ಎಷ್ಟು ಗಂಟೆಗೆ ಅಂತ ತಿಳಿಯಲು ಇಳಿದೇ ಬರಬೇಕು.

ಈಗಿನ ಮಕ್ಕಳ ಪುಣ್ಯ ದೊಡ್ಡದು. ನಾನು ಸಾಲ ಮಾಡಿ ತಂದಂಥದ್ದಕ್ಕಿಂತ ಒಳ್ಳೆಯ ಕನ್ನಡ ಫಾಂಟುಗಳು ಪುಕ್ಕಟೆಯಾಗಿ, ಕಾನೂನುಬದ್ಧವಾಗಿ ಸಿಗುತ್ತವೆ. 'ನೋಟೋ' ಅಂತ ಇದೆ, ಸಾದಾ ಸೀದಾ, ಹೆಚ್ಚು ಮಾತಾಡದ ಅಳಿಯನ ಥರ. ವರದಿ, ಅರ್ಜಿ, ಸೂಚನೆಗೆ ನಾನು ಅದನ್ನೇ ಹಾಕುವುದು. 'ಬಾಲೂ ತಮ್ಮ' ಅಂತ ಒಂದಿದೆ, ದುಂಡುದುಂಡಗೆ, ಕರಡಿಮರಿಯ ಹಾಗೆ. ಒಂದೇ ಕುಟುಂಬದ ಅಕ್ಷರಗಳು ಅವು. ಕನ್ನಡದ್ದಕ್ಕೆ ತಮ್ಮ, ತೆಲುಗಿನದಕ್ಕೆ ತಮ್ಮುಡು, ತಮಿಳಿನದಕ್ಕೆ ತಂಬಿ, ಮಲಯಾಳಕ್ಕೆ ಚೇಟ್ಟನ್ ಅಂತ ಹೆಸರಿಟ್ಟಿದ್ದಾರೆ. ಮಕ್ಕಳ ಸಂತೆ, ಅಂಗನವಾಡಿ ಗೋಡೆ, ಐಸ್‌ಕ್ರೀಮ್ ಗಾಡಿ, ಇವಕ್ಕೆ ಹೇಳಿ ಮಾಡಿಸಿದ್ದು. ಅದನ್ನೇ ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಹಾಕಿದ್ದನ್ನು ಮೊನ್ನೆ ನೋಡಿದೆ. ಹಾಕಿದ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನ ಅಂಗಡಿಗೆ ಹೋಗಿ ನನ್ನ ಫೈಲಿನ ಮೊದಲನೇ ಪುಟ ತೋರಿಸಿ ಬಂದೆ.

ಬ್ಯಾನರು ಮಾಡಿಕೊಂಡು ಬಂದಿದ್ದ ಆ ಇಬ್ಬರು ಮಕ್ಕಳಿಗೂ ನಾನು ಇಂಥದ್ದೇ ಹಾಕಿ ಅಂತ ಹೇಳಲಿಲ್ಲ. ಮೂರು ಥರ ಮಾಡಿ, ಮೂರನ್ನೂ ಪ್ರಿಂಟು ತೆಗೆದು, ಬೆಳಿಗ್ಗೆ ಆರೂವರೆಗೆ ಡೇರಿ ಮುಂದೆ ಹಾಲಿನ ಸಾಲಿನಲ್ಲಿ ನಿಲ್ಲುವವರಿಗೆ ತೋರಿಸಿಕೊಂಡು ಬನ್ನಿ ಅಂದೆ. "ಚೆನ್ನಾಗಿದೆಯಾ" ಅಂತ ಕೇಳಬೇಡಿ, ಕೇಳಿದರೆ ನಮ್ಮ ಜನ ಎಲ್ಲಕ್ಕೂ ಚೆನ್ನಾಗೈತೆ ಅಂತಾರೆ. "ಇದನ್ನ ಒಂಚೂರು ಓದಿ ಹೇಳಿ" ಅನ್ನಿ, ಎಲ್ಲಿ ತಡವರಿಸುತ್ತಾರೆ ನೋಡಿಕೊಂಡು ಬನ್ನಿ ಅಂದೆ. ಮಾರನೇ ದಿನ ಬಂದರು. ಅವರಿಗೆ ತುಂಬಾ ಇಷ್ಟವಾಗಿದ್ದ, ಒಳಗೆ ಟೊಳ್ಳಿರುವ ಅಕ್ಷರದಲ್ಲಿ 'ಸುವರ್ಣ' ಅನ್ನುವುದನ್ನು ಹನ್ನೊಂದು ಜನರಲ್ಲಿ ಏಳು ಜನ ತಡವರಿಸಿ ಓದಿದ್ದರಂತೆ. ಆ ಹುಡುಗಿಯ ಮುಖ ಸಪ್ಪಗಾಗಿತ್ತು. ಆದರೆ ಇನ್ನೊಂದು ಥರ ಮಾಡಿಕೊಂಡೇ ಬಂದಿದ್ದಳು. ನನ್ನ ಹಿಂದೆ ಈಗ ಕಾಣುತ್ತಿರುವ ಬ್ಯಾನರು ಅದೇ. ನಾಲ್ಕನೆಯದು.

ಈಗ ಒಂದು ಕೆಲಸದ ವಿಷಯ. ಇದನ್ನು ಹೇಳಲೇಬೇಕು ಅಂತ ಸಮಿತಿಯವರ ಅಪ್ಪಣೆ ಆಗಿದೆ. ಹೊಸ ಗೇಟಿನ ಪಕ್ಕ ಕರಿಗ್ರಾನೈಟ್ ಕಲ್ಲು ನಿಲ್ಲಿಸುತ್ತಿದ್ದಾರೆ. ಈ ಐವತ್ತು ವರ್ಷ ಇಲ್ಲಿ ಪಾಠ ಮಾಡಿದ ಎಲ್ಲ ಗುರುಗಳ ಹೆಸರು, ಜಾಗ ಕೊಟ್ಟವರ ಹೆಸರು ಅದರಲ್ಲಿ ಬರುತ್ತವೆ. ನಮ್ಮ ಡ್ರಾಯಿಂಗ್ ಮೇಷ್ಟ್ರ ಹೆಸರೂ ಬರುತ್ತದೆ. ಅವರು ಈಗ ಇಲ್ಲ. ಸಮಿತಿಯಲ್ಲಿ ಕೆಲವರು ಸ್ಟೈಲಾಗಿರಲಿ ಅಂದರು, ಕೆಲವರು ದೇವಸ್ಥಾನದ ಕಲ್ಲಿನ ಥರ ಇರಲಿ ಅಂದರು, ನನಗೂ ನನ್ನದೇ ಒಂದು ಇಷ್ಟ ಇದೆ. ಸೀಸವನ್ನು ಕರಗಿಸಬಹುದು, ಪತ್ರವನ್ನು ಮತ್ತೆ ಅಚ್ಚು ಮಾಡಬಹುದು. ಕೆತ್ತಿದ ಕಲ್ಲನ್ನು ಏನು ಮಾಡುವುದು?

ಅದಕ್ಕೇ ಕಲ್ಲಿನ ಅಳತೆಗೇ ಮೂರು ಕಾಗದ ಮಾಡಿ ಗೇಟಿನ ಕಾಂಪೌಂಡಿಗೆ ಅಂಟಿಸಿದ್ದೇನೆ. ಅ, ಆ, ಇ ಅಂತ ಗುರುತು ಹಾಕಿದೆ. ಊಟ ಮುಗಿಸಿ ಹೋಗುವಾಗ ಹತ್ತಿರ ಹೋಗಿ ನೋಡಬೇಡಿ. ರಸ್ತೆಯ ಆಚೆ, ಬಸ್ಸು ನಿಲ್ಲುವ ಹುಣಸೆಮರದ ಕೆಳಗೆ ನಿಂತು ನೋಡಿ. ಕನ್ನಡಕ ಇರುವವರು ಒಂದು ಸಲ ಹಾಕಿಕೊಂಡು, ಒಂದು ಸಲ ತೆಗೆದು ನೋಡಿ. ಅಜ್ಜ ಅಜ್ಜಿಯರನ್ನು, ಮೂರನೇ ಕ್ಲಾಸಿನ ಮಕ್ಕಳನ್ನು ದಯವಿಟ್ಟು ಕರೆದುಕೊಂಡು ಹೋಗಿ. ಯಾವ ಹೆಸರು ಯಾರಿಗೆ ಓದಲು ಆಗಲಿಲ್ಲ ಅಂತ ಅಲ್ಲಿ ನೋಟುಬುಕ್ಕು ಹಿಡಿದು ಕೂತಿರುವ ಮಕ್ಕಳಿಗೆ ಹೇಳಿ. ಕಲ್ಲು ಕೆತ್ತುವವರು ಸೋಮವಾರ ಬರುತ್ತಾರೆ.